ಯಾರ ಹಿಡಿ?

ಫೆಬ್ರವರಿಯಲ್ಲಿ ಟೊಮೆಟೊ ಕೇಳಿದ ಗಿರಾಕಿಗೆ
ಜುಲೈ ಇಪ್ಪತ್ತಕ್ಕೆ ಬನ್ನಿ, ಕುರ್ಚಿ ಹಿಡಿದಿಟ್ಟಿರುತ್ತೇನೆ
ಅಂದವಳು ನಮ್ಮ ಯಜಮಾನಿ ಮಕ್ವಾಲಾ.
ಕುತಾಯಿಸಿಯಲ್ಲಿ, ಸೇತುವೆಯ ಆಚೆ, ಎಂಟೇ ಮೇಜು.
ಕರಿಹಲಗೆಯ ಮೇಲೆ ಆವತ್ತು ಬರೆದದ್ದು ಎರಡು ಸಾಲು:
ಮಡಕೆಯಲ್ಲಿ ಬೆಂದ ಕೆಂಪು ಕಾಳು, ಮೆಕ್ಕೆಜೋಳದ ರೊಟ್ಟಿ.
ಉಪ್ಪಲ್ಲಿಟ್ಟ ಎಲೆಕೋಸು, ಮುಗಿಯುವ ತನಕ.

ಗಿರಾಕಿ ಕೋಟು ಕೊಡವಿ ಎದ್ದು ಹೋದ.
(ಜುಲೈಯಲ್ಲಿ ಬಂದ. ಹೆಂಡತಿಯನ್ನೂ ಕರೆತಂದ.)

ನಾನು ಪಾತ್ರೆ ತೊಳೆಯುವವನು,
ಅವಳ ಹಳೇ ವ್ಯಾನಿನ ಸಾರಥಿಯೂ ನಾನೇ.
ಋತು ಮಗ್ಗುಲು ಬದಲಿಸಿತೋ, ಅಂಗಡಿಗೆ ಬೀಗ.
ಮೆಸ್ತಿಯಾಕ್ಕೆ, ಬೆಳ್ಳುಳ್ಳಿಯ ಜೊತೆ ಉಪ್ಪು ಕುಟ್ಟುವ ಸದ್ದು ಕೇಳಲಿಕ್ಕೆ.
ಗಡಿ ದಾಟಿ ರಿಜೆಗೆ, ಕಡುಹಸಿರು ಎಲೆಯ ಗಂಜಿಗೆ;
ಅಲ್ಲೊಬ್ಬ ಮುದುಕಿ, ಇವಳಿಗೆ ಅವಳ ಭಾಷೆ ಬಾರದು,
ಸಂಜೆಯವರೆಗೂ ಇಬ್ಬರೂ ಸೌಟಿನಲ್ಲೇ ಮಾತಾಡಿದರು.

ನಮ್ಮ ಬೆಟ್ಟದಲ್ಲೇ ಬೆಳೆಯುವ ಒಂದು ಮೆಂತ್ಯಕ್ಕೆ
ನಮ್ಮವರಿಟ್ಟ ಹೆಸರು 'ಪರದೇಶಿ ಪರಿಮಳ'.
ಎಂದೋ ಯಾರದೋ ಗಂಟಿನಲ್ಲಿ ಬಂದಿರಬೇಕು, ಅನ್ನುತ್ತಾಳೆ,
ಅದಕ್ಕೇ ನಾವೂ ಗಂಟು ಕಟ್ಟುತ್ತಿರಬೇಕು.

ಅವಳಪ್ಪನ ಎದೆ ಐವತ್ತೆರಡಕ್ಕೇ ನಿಂತಿತಂತೆ.
ಅವನ ತಟ್ಟೆಯಲ್ಲಿ ಹಂದಿಯಿತ್ತು, ಕುರಿಯಿತ್ತು, ಹಸಿರೇ ಇರಲಿಲ್ಲ.
ಆ ಮಾತು ಅವಳು ಎತ್ತುವುದಿಲ್ಲ.
ಸೊಪ್ಪು ತಿನ್ನು, ಅನ್ನುತ್ತಾಳೆ ನನಗೆ,
ದಂಡ ಹಾಕಲು ವ್ಯಾನು ತಡೆದ ಪೊಲೀಸಿಗೆ,
ಪಾದ್ರಿಗೂ, ಉಪವಾಸ ಮುಗಿದ ಮರುದಿನ.

ಮೂರು ವರ್ಷ ಅವಳನ್ನು ಅಲೆಸಿದ್ದು ಒಂದು ಮೊಗ್ಗು:
ಜೊಂಜೋಲಿ.
ಮರದಲ್ಲಿ ಗೊಂಚಲು ಗೊಂಚಲಾಗಿ ಬಿಳಿ ಜೋಲು.
ಓನಿಯಿಂದ ಮೇಲೆ, ದಾರಿ ಮುಗಿದ ಮೇಲೂ ಮೇಲೆ,
ನಮ್ಮ ಸೇತುವೆ ಕೆಳಗಿನ ನದಿ ಇನ್ನೂ ಮಗುವಾಗಿರುವಲ್ಲಿ
ನಜಿಬ್ರೋಲಾ ಅಜ್ಜಿಯ ಮನೆ.

ಮೊದಲ ಸಲ ಜೂನಿನಲ್ಲಿ ಹೋದೆವು. ಅಜ್ಜಿ ನಕ್ಕಳು:
ಅರಳಿದ್ದು ಕಣ್ಣಿಗೆ, ಮೊಗ್ಗು ಬಾಯಿಗೆ. ಹೊರಡಿ.
ಮರುವರ್ಷ ಏಪ್ರಿಲ್. ಮಂಡಿಯುದ್ದ ಹಿಮ.
ಒಂದು ಚೀಲ ಎಳೆ ತುರಿಕೆಸೊಪ್ಪು ಕೊಟ್ಟು ಕಳಿಸಿದಳು;
ದಾರಿಯುದ್ದಕ್ಕೂ ಕೈ ಕೆರೆದುಕೊಂಡೆ,
ರಾತ್ರಿ ಅಕ್ರೋಟಿನ ಜೊತೆ ಅರೆದು ಕೊಟ್ಟಾಗ ಬೈಯಲಾಗಲಿಲ್ಲ.

ಮೂರನೇ ವರ್ಷ ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು.
ಕೊಂಬೆ ಬಗ್ಗಿಸಿ ಹಿಡಿದೆ.
ಒಂದು ಮೊಗ್ಗನ್ನು ಬೆರಳಲ್ಲಿ ಹೊರಳಿಸಿ, ಮೂಸಿ,
ಇನ್ನೆರಡು ದಿನ, ಅಂದಳು.
ಎರಡು ದಿನ ವ್ಯಾನಿನಲ್ಲೇ ಮಲಗಿದೆವು,
ಅಜ್ಜಿಯ ಕೋಳಿಗಳು ಚಕ್ರದ ಕೆಳಗೆ.

ಬಿಡಿಸಿ, ತೊಳೆದು, ಮಣ್ಣಿನ ಜಾಡಿಗೆ ತುಂಬುವ ಹೊತ್ತು
ಮಕ್ವಾಲಾ ತಕ್ಕಡಿ ತೆಗೆದಳು.
ಉಪ್ಪು ಎಷ್ಟು?
ಒಂದು ಹಿಡಿ.
ಯಾರ ಹಿಡಿ?

ಅಜ್ಜಿ ಮಾತಾಡಲಿಲ್ಲ. ಕೈ ಚಾಚಿದಳು.
ಹತ್ತು ವರ್ಷದ ಹುಡುಗಿಯದಷ್ಟೇ ಕೈ,
ಗೆಣ್ಣುಗಳು ಮಾತ್ರ ಹಳೇ ಬಳ್ಳಿಯವು.
ಮಕ್ವಾಲಾ ತಕ್ಕಡಿ ಪಕ್ಕಕ್ಕಿಟ್ಟು
ಎಣ್ಣೆ ಕುಡಿದ ತನ್ನ ನೋಟ್‌ಬುಕ್ಕು ಬಿಡಿಸಿ
ಆ ಕೈಯನ್ನು ಹಾಳೆಯ ಮೇಲಿರಿಸಿ
ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಳು.
ಕಿರುಬೆರಳ ಹತ್ತಿರ ಅಜ್ಜಿಗೆ ಕಚಗುಳಿಯಾಯಿತು.
ಅಲ್ಲೊಂದು ಗೆರೆ ಈಗಲೂ ಸೊಟ್ಟ.

ಪ್ರತಿ ಮೇ ತಿಂಗಳು ಆ ಪುಟ ತೆರೆದು
ತನ್ನ ಕೈ ಅದರ ಮೇಲಿಟ್ಟು ನೋಡುತ್ತಾಳೆ.
ಬೆರಳ ತುದಿಗಳು ಆಚೆ ಹೋಗುತ್ತವೆ,
ಅಷ್ಟು ಉಪ್ಪು ವಾಪಸು ಡಬ್ಬಿಗೆ.

ಈಚೆಗೆ ಗ್ರಾಂ ಲೆಕ್ಕವಿದ್ದ ಪುಟಗಳ ನಡುನಡುವೆ
ಕೈಗಳು ಬರತೊಡಗಿವೆ.
ರಿಜೆಯ ಸೌಟಿನ ಕೈ. ಉಪ್ಪು ಕುಟ್ಟುವ ಮೆಸ್ತಿಯಾದ ದೊಡ್ಡ ಕೈ.

ನಿನ್ನೆ ನಮ್ಮವರ ಊಟಕ್ಕೆ ನಾನು ಸೊಪ್ಪಿನ ಸಾರು ಮಾಡಿದ್ದೆ.
ಎರಡನೇ ಸಲ ಬಡಿಸಿಕೊಂಡಳು, ಏನೂ ಅನ್ನಲಿಲ್ಲ.
ಸಂಜೆ ತೊಟ್ಟಿಯ ಹತ್ತಿರ ಬಂದು ನಿಂತಳು,
ನೋಟ್‌ಬುಕ್ಕು, ಪೆನ್ಸಿಲ್ಲು.
ಸೋಪು ನೀರಿಗೆ ಸುಕ್ಕಿದ ನನ್ನ ಬಲಗೈ ಚಾಚಿದೆ.

ಒರೆಸಿಕೊಂಡು ಬಾ ಮಾರಾಯ, ಅಂದಳು,
ಪುಟ ಒದ್ದೆಯಾಗುತ್ತೆ.