ಹಗ್ಗ ದಾಟಿದವಳು

ಇವತ್ತು ಮತ್ತೆ ನಾರಳಿ ಹುಣ್ಣಿಮೆ.
ಬೈತಖೋಲದ ದೋಣಿಗಳೆಲ್ಲ ತೆಂಗಿನಕಾಯಿ ಕೊಟ್ಟು
ಕಡಲಿನ ಹತ್ತಿರ ಮಾತಾಡಿಕೊಂಡು ಬಂದವು.
ಕಳೆದ ವರ್ಷ ಇದೇ ಹುಣ್ಣಿಮೆಗೆ
ಬೆಳಗಾವಿಯ ಗಂಡುಕುದುರೆ ಟೆಂಪೊದಿಂದ ಇಳಿದು
ಕೋಡಿಬಾಗದ ನಮ್ಮ ಅಂಗಳದಲ್ಲಿ ಎರಡು ದಿನ ನಿಂತು ಹೋಗಿತ್ತು.

ಮುನ್ನೂರ ನಲವತ್ತು ದಿನ, ಎಂದಿದ್ದರು ಡಾಕ್ಟರ್ ಪೆಡ್ನೇಕರ.
ಸೊಸೈಟಿ ಬ್ಯಾಂಕಿನ ಕ್ಯಾಲೆಂಡರಿನಲ್ಲಿ
ಹಾಲಿನ ಲೆಕ್ಕದ ಹಾಗೆ ಗೀಟು ಎಳೆದಿದ್ದೇನೆ.
ಇವತ್ತಿಗೆ ಮುನ್ನೂರ ಐವತ್ತನಾಲ್ಕು.
ಫೋನಿನಲ್ಲಿ ಅವರು ನಕ್ಕರು:
"ಕ್ಯಾಲೆಂಡರು ನಿಮ್ಮದು, ಹೊಟ್ಟೆ ಅದರದ್ದು, ಬಾಯಿ."

ಮಳೆಗಾಲಕ್ಕೆ ಬೀಚಿನಲ್ಲಿ ಸವಾರಿ ಬಂದ್.
ತಡಿಯ ಮಣಿ ಬಿಚ್ಚಿ ಮೊಳೆಗೆ ತೂಗಿಹಾಕಿದ್ದೇನೆ.
ಅಬೋಲಿ ಈಗ ಅಬೋಲಿ ಬಣ್ಣದ ಒಂದು ಗುಡ್ಡೆ,
ಬದಿಯ ಉಬ್ಬು ಕೆಳಕ್ಕೆ ಜಾರಿದೆ,
ಬಾಲದ ಬುಡ ಬೆಂದ ಗೆಣಸಿನಷ್ಟು ಮೆತ್ತಗೆ.
ಮೊಲೆತುದಿಗೆ ಮೇಣ ಬರಬೇಕಂತೆ.
ದಿನಕ್ಕೆ ನಾಲ್ಕು ಸಲ ಬಗ್ಗಿ ನೋಡುತ್ತೇನೆ,
ಬೆರಳಿಗೆ ಬರುವುದು ಹುಲ್ಲಿನ ಧೂಳು.
ಹುರುಳಿ ಬೇಯಿಸಿ, ಆರಿಸಿ, ಬೆಲ್ಲ ತಾಗಿಸಿ ಇಟ್ಟರೆ
ಅರ್ಧ ತಿಂದು, ಬಾಲ್ದಿಯ ಅಂಚಿಗೆ ಗಲ್ಲ ಊರಿ ನಿಲ್ಲುತ್ತಾಳೆ,
ಬಸ್ಸೇ ತನಗೆ ಕಾಯಲಿ ಎನ್ನುವವಳ ಹಾಗೆ.

ಅತ್ತೆ ಹೇಳುತ್ತಿದ್ದರು,
ಕುದುರೆ ಹಗ್ಗ ದಾಟಿದ ಬಸುರಿಗೆ
ಹನ್ನೆರಡು ತಿಂಗಳು.
ಪ್ರಮೀಳಾ ಹೊಟ್ಟೆಯಲ್ಲಿದ್ದಾಗ ಹಗ್ಗ ಕಂಡಲ್ಲೆಲ್ಲ
ಸುತ್ತು ಹಾಕಿ ಹೋಗುತ್ತಿದ್ದೆ, ಬಲೆಯ ಹಗ್ಗವನ್ನೂ ಬಿಡದೆ.
ಆದರೂ ಹದಿನಾರು ದಿನ ಮೇಲಾಯಿತು.
ಈಗ ಕೇಳಬೇಕೆನಿಸುತ್ತದೆ, ಅತ್ತೆಯಿಲ್ಲ:
ಕುದುರೆಯೇ ಬಸುರಾದರೆ
ದಾಟಿದ್ದು ಯಾರ ಹಗ್ಗ?

ಆಸ್ಪತ್ರೆಯ ಬಾಗಿಲಲ್ಲಿ ಆಗ ಏಳು ಜನ.
ಒಬ್ಬೊಬ್ಬರೇ ಇಣುಕಿ, "ಇನ್ನೂ ಇಲ್ಲವಾ?"
ಟ್ಯೂಬ್‌ಲೈಟೂ ಪಿಳಿಪಿಳಿ ಅದನ್ನೇ ಕೇಳುತ್ತಿತ್ತು.
ಅವರೆಲ್ಲ ಚಾ ಕುಡಿಯಲು ಹೋದ ಹತ್ತು ನಿಮಿಷದಲ್ಲಿ
ಪ್ರಮೀಳಾ ಬಂದಳು.

ಹನ್ನೊಂದೂವರೆ. ಸೇತುವೆ ಮೇಲೆ ಲಾರಿ.
ಇನಾಸ ಬ್ಯಾಟರಿ ಹಿಡಿದು ಅವಳ ಹಿಂದೆಯೇ ಕೂತಿದ್ದಾನೆ,
ಯಲ್ಲಾಪುರದ ಹುಡುಗ, ಎಂಟು ರಾತ್ರಿ ನಿದ್ದೆಗೆಟ್ಟವನು.
ಬೆಳಕು ಬಿದ್ದಾಗಲೆಲ್ಲ ಅವಳ ಕಿವಿ ಹಿಂದಕ್ಕೆ.
ಆರಿಸೋ, ಎಂದೆ.
"ಏನಾದರೂ ಆದರೆ, ಬಾಯಿ?"
ಆರಿಸು.

ಕಾಳಿ ನದಿಯ ಕಡೆ ಮುಖ ಮಾಡಿ ಇಬ್ಬರೂ ಕೂತೆವು,
ಬೆನ್ನಿಗೆ ಕಣ್ಣಿಲ್ಲವೆಂದು ಅವಳಿಗೆ ನಂಬಿಕೆ ಬರುವಷ್ಟು ಹೊತ್ತು.
ಭರತ ತುಂಬಿತ್ತು. ಎಲ್ಲೋ ಒಂದು ತೆಂಗಿನಕಾಯಿ
ದಡಕ್ಕೆ ವಾಪಸು ಬಂದು ಕಲ್ಲಿಗೆ ತಾಗುತ್ತಿತ್ತು, ಟಕ್, ಟಕ್.
ಹಿಂದೆ ಹುಲ್ಲು ಸರಸರ. ಒಂದು ಭಾರ ನೆಲಕ್ಕಿಳಿದ ಸದ್ದು.
ಇನಾಸನ ಕುತ್ತಿಗೆ ತಿರುಗಹೋಯಿತು.
ಮೊಣಕೈ ಹಿಡಿದೆ. ಎಣಿಸು, ಎಂದೆ, ನೂರರವರೆಗೆ,
ಕೊಂಕಣಿಯಲ್ಲಿ, ಮೆಲ್ಲಗೆ.