ಎಡ ಕೆಳಮೂಲೆ

ವಂಡೆಗೆಯ ವೃತ್ತದಲ್ಲಿ ಕೆಂಪು ಬಿದ್ದರೆ
ನೂರಿಪ್ಪತ್ತು ಸೆಕೆಂಡು.
ಒಂದು ತೊಡೆಮೂಳೆ ಓದಲು ಸಾಕು.

ಸುತ್ತ ಬೋಡಾ ಬೈಕುಗಳ ಹಾರ್ನು.
ಕಡಲೆಕಾಯಿ ಮಾರುವ ಹುಡುಗ
ಕಿಟಕಿಗೆ ಮೊಣಕೈ ಊರಿ ಫೋನಿಗೆ ಇಣುಕುತ್ತಾನೆ:
"ಏನಮ್ಮಾ ಅದು, ಮೀನಿನ ಮುಳ್ಳಾ?"
ಅಲ್ಲಪ್ಪ, ಮನುಷ್ಯರದು. ಗಂಡು, ಏಳು ವರ್ಷ.
ಗಡಿಯಾಚೆ, ನೂಬಾ ಬೆಟ್ಟಗಳಿಂದ ಬಂದದ್ದು.

ಅಲ್ಲಿ ಇಗರ್ಜಿಯವರ ಆಸ್ಪತ್ರೆಯೊಂದಿದೆ.
ಎಕ್ಸ್‌ರೇ ನೋಡುವ ದೀಪದ ಪೆಟ್ಟಿಗೆ
ಚೂರಾಗಿ ಎರಡು ಮಳೆಗಾಲ ಕಳೆದವು. ಹಾಗಾಗಿ
ಹಾಳೆಯನ್ನು ಆಕಾಶಕ್ಕೇ ಹಿಡಿದು ಫೋಟೋ ತೆಗೆಯುತ್ತಾರೆ.
ಪಕ್ಕೆಲುಬಿನ ಹಿಂದೆ ಮೋಡ ಬರುತ್ತದೆ,
ಸೊಂಟದ ಹಿಂದೆ ಬೇವಿನ ಕೊಂಬೆ.
ಒಮ್ಮೆ ನಾನು ಅವಸರದಲ್ಲಿ ಬರೆದುಬಿಟ್ಟೆ:
ತೊಡೆಯ ಮಾಂಸದೊಳಗೆ ಕಪ್ಪು ಗುಳ್ಳೆ,
ಕೊಳೆಯುತ್ತಿರಬಹುದು, ಕಾಲು ತೆಗೆಯಬೇಕಾದೀತು.
ಉತ್ತರ ಬಂತು: "ಅದು ಹದ್ದು, ಡಾಕ್ಟರ್.
ಈವತ್ತು ಮೇಲೆ ಹಾರಿದ್ದು ಅದೊಂದೇ. ದೇವರ ದಯೆ."

ಬರೆದವಳು ತಬಿತಾ ಕಾಕಾ. ನರ್ಸು.
ಮುಖ ಕಂಡಿಲ್ಲ, ದನಿ ಕೇಳಿಲ್ಲ.
ಗೊತ್ತಿರುವುದು ಹೆಬ್ಬೆರಳು ಮಾತ್ರ,
ಪ್ರತಿ ಚಿತ್ರದ ಎಡ ಕೆಳಮೂಲೆಯಲ್ಲಿ
ಹಾಳೆಯನ್ನು ಬಿಗಿಯಾಗಿ ಹಿಡಿದದ್ದು:
ಉದ್ದಕ್ಕೆ ಸೀಳಿದ ಉಗುರು, ಅಯೋಡಿನ್ ಕಲೆ,
ಗೆಣ್ಣಿನ ಮೇಲೆ ಹಳೆಯ ಸುಟ್ಟ ಗಾಯ.
ಸಿಗ್ನಲ್ ಸಿಗಬೇಕೆಂದರೆ ಅವಳು ಗುಡ್ಡ ಹತ್ತಬೇಕು.
ಸಿಗ್ನಲ್ ಬಿದ್ದರೆ ಮಾತ್ರ ನನಗೆ ಬಿಡುವು.

ನನ್ನದೂ ಒಂದು ದಿನ ಇದೆ.
ನಕಸೇರೋ ಬೆಟ್ಟದ ಖಾಸಗಿ ಆಸ್ಪತ್ರೆಯಲ್ಲಿ
ಸಂಜೆಯೊಳಗೆ ಅರವತ್ತು ಸ್ಕ್ಯಾನು,
ಎಲ್ಲಕ್ಕಿಂತ ಮೊದಲು ಮಂತ್ರಿಯ ಭಾವಮೈದುನನ ಮೊಣಕಾಲು.
ಆ ಮೊಣಕಾಲಿಗೆ ಏನೂ ಆಗಿಲ್ಲ.
ಅದನ್ನು ಮೂರು ಪುಟ ಬರೆಯಬೇಕು.

ಹೋದ ಭಾನುವಾರ ಪಾದ್ರಿ ಸೆಬುನ್ಯಾ
ಬಲಿಪೀಠದ ಮುಂದೆ ಹಾಸಿಗೆ ಬಟ್ಟೆಯ ಗಂಟುಗಳನ್ನು ಎಣಿಸುತ್ತ
"ನಮ್ಮ ಡಾಕ್ಟರ್ ಪೆರ್ಪೆಟುವಾ ಎದ್ದು ನಿಲ್ಲಲಿ" ಎಂದರು.
ನಿಂತೆ. ಚಪ್ಪಾಳೆ.
ಬೇಡ ಅನ್ನಬೇಕಿತ್ತು, ಅಂತ ಹೊಳೆದದ್ದು
ಕೂತ ಮೇಲೆ. ಸುಳ್ಳೇಕೆ, ಹಿತವಾಗಿತ್ತು.
ಆಮೇಲೆ ಎಲ್ಲರೂ ಕಣ್ಣು ಮುಚ್ಚಿದಾಗ
ನಾನು ಮಡಿಲಲ್ಲಿ ಫೋನಿಟ್ಟು ಟೈಪಿಸುತ್ತಿದ್ದೆ:
ಎಳೆದು ಕಟ್ಟಿ. ನಾಲ್ಕು ಕಿಲೋ ಭಾರ. ಆರು ವಾರ.
ಪ್ರಾರ್ಥನೆ ನನಗೆ ನೆಟ್ಟಗೆ ಬರುವುದಿಲ್ಲ,
ವರದಿ ಬರುತ್ತದೆ.
ಭಾರಕ್ಕೆ ಏನು ಸಿಕ್ಕಿತು, ಕೇಳಿದ್ದೆ.
"ಬಿದ್ದ ಬಾಂಬಿನ ಚಿಪ್ಪು. ಮರಳು ತುಂಬಿದ್ದೇವೆ.
ಅಳತೆಗೆ ಸರಿಯಾಗಿದೆ."

ಮಂಗಳವಾರ, ಅದೇ ವೃತ್ತ, ಅದೇ ಕೆಂಪು.
ಹಾಳೆಯಲ್ಲಿ ಒಂದು ಕೈ. ಎಡಗೈ.
ಹೆಣ್ಣು, ನಲವತ್ತರ ಆಸುಪಾಸು,
ಮಣಿಕಟ್ಟಿನ ಎರಡೂ ಮೂಳೆ ಮುರಿದಿವೆ, ಕೂಡುತ್ತವೆ.
ಹೆಬ್ಬೆರಳಿನ ತುದಿಮೂಳೆ ಇಲ್ಲ.
ಇಲ್ಲ, ಅಂತ ಬರೆದೆ. ಕಳಿಸಿದೆ.
ಎಂದಿನ ಹಾಗೆ ಎಡ ಕೆಳಮೂಲೆಗೆ ಕಣ್ಣು ಹೋಯಿತು.
ಅಲ್ಲಿ ಯಾರದೋ ಬೆರಳು.
ಎಳೆಯದು, ಉಗುರು ಕಚ್ಚಿದ್ದು.

ಹಸಿರು ಬಿತ್ತು. ನಾನು ಹೊರಡಲಿಲ್ಲ.
ಹಿಂದಿನ ಟ್ಯಾಕ್ಸಿಯವನು ನನ್ನ ತಾಯಿಯನ್ನು ನೆನೆದ.
ಕಡಲೆಕಾಯಿ ಹುಡುಗ ಬಾನೆಟ್ ಮೇಲೆ ಕೈಯಿಟ್ಟು
ಪೊಲೀಸನ ಹಾಗೆ ಉಳಿದವರನ್ನು ಸುತ್ತಿ ಕಳಿಸಿದ.

ಮೂರು ದಿನ ಗುಡ್ಡ ಯಾರೂ ಹತ್ತಲಿಲ್ಲ.
ನಾಲ್ಕನೆಯ ದಿನ, ಸ್ಕ್ಯಾನುಗಳ ನಡುವೆ, ಒಂದು ಸಾಲು:
"ಡಾಕ್ಟರ್, ಬಲಗೈ ಚೆನ್ನಾಗಿದೆ.
ಇನ್ನು ಮೇಲೆ ಬಲಗಡೆ ಹಿಡಿಯುತ್ತೇನೆ. ಫೋಟೋ ಹುಡುಗನದು,
ಅವನ ಕೈ ನಡುಗುತ್ತದೆ, ಬೈಯಬೇಡಿ."

ಬೈಯುವುದಿಲ್ಲ, ತಬಿತಾ.
ಚಿತ್ರಗಳು ಈಗ ಮಸುಕು. ಮೋಡವೋ ಮಾಂಸವೋ
ಎರಡೆರಡು ಸಲ ಕೇಳಬೇಕು.
ಮಂತ್ರಿಯ ಭಾವಮೈದುನ ಹೊರಗೆ ಕಾಯುತ್ತಾನೆ, ಕಾಯಲಿ.
ದೊಡ್ಡದು ಮಾಡಿ ನೋಡುತ್ತೇನೆ:
ಮೊದಲು ಮೂಲೆ,
ಆಮೇಲೆ ಮೂಳೆ.