ಒಳಮಡಿಕೆ

ನಮ್ಮೂರಿನ ಹೆಸರಿಗೆ ದೋಣಿ ಅಂತ ಅರ್ಥ.
ವೂಚ್. ಕಡಲು ಇಲ್ಲಿಂದ ರೈಲಿನಲ್ಲಿ ಅರ್ಧ ದಿನ.
ಇದ್ದ ಹೊಳೆಯನ್ನೂ ಗಿರಣಿಯ ಕಾಲದಲ್ಲೇ
ರಸ್ತೆಯಡಿ ಹೂತುಬಿಟ್ಟರು.

ಮೇಲಿನ ಮನೆಯ ಒತಿಲಿಯಾ,
ನಲವತ್ತು ವರ್ಷ ಶಾಲೆಮಕ್ಕಳ ಸಮವಸ್ತ್ರ ಹೊಲಿದವಳು,
ಚಳಿಗಾಲದಲ್ಲೊಮ್ಮೆ ನನ್ನ ಬಾಗಿಲು ತಟ್ಟಿ ಕೇಳಿದಳು:
"ನಿನ್ನ ಸೂರು ಎಷ್ಟು ಗಟ್ಟಿ?"
ನನ್ನ ಸೂರೆಂದರೆ ಅವಳ ನೆಲ.

ವಿಷಯ ಇಷ್ಟು: ರಾದೊಸ್ವಾಫನ ಅಂಗಡಿಗೆ
ಒಂದು ಬಾವಲಿ ಮೀನು ಬಂದಿದೆ,
ನಾಣ್ಯದಗಲ. ಕಪ್ಪು ಮೈ, ಸುತ್ತ ಕಿತ್ತಳೆ ಅಂಚು.
"ಕೈಹೊಲಿಗೆ ಕಣೋ, ಮಿಷನ್ನಿನದಲ್ಲ," ಅಂದಳು.
ಅವನು ಇನ್ನೂರು ಲೀಟರಿನ ಗಾಜಿನ ಪೆಟ್ಟಿಗೆ ತಟ್ಟಿ
"ಇದು ಸಾಕು, ತೊಟ್ಟಿ ಇದ್ದಷ್ಟೇ ಬೆಳೆಯುತ್ತೆ" ಅಂದನಂತೆ.
ಹಾಸಿಗೆ ಇದ್ದಷ್ಟು ಕಾಲು.

ಚಹಾ ಆರಿತು. ಅವಳು ಮುಟ್ಟಲಿಲ್ಲ.
ಬಗ್ಗಿ ಬಲಗಾಲಿನ ಕಾಲುಚೀಲ ಎಳೆದು ತೋರಿಸಿದಳು,
ಒಂದರ ಮೇಲೊಂದು ಹತ್ತಿ ಕೂತ ಬೆರಳು.
"ಅಕ್ಕನ ಬೂಟು. ಎಂಟಕ್ಕೆ ಸಡಿಲ, ಒಂಬತ್ತಕ್ಕೆ ಸರಿ,
ಹನ್ನೆರಡಕ್ಕೂ ಅದೇ.
ಪಾದ ನಿಂತಿತಾ? ಒಳಗೊಳಗೇ ಬೆಳೆಯಿತು."

ಆಮೇಲೆ ಟೇಪು ಬಿಚ್ಚಿದಳು, ನನ್ನ ಗೋಡೆಯ ಮೇಲೆ.
ಉದ್ದಕ್ಕಲ್ಲ, ಎತ್ತರಕ್ಕೆ ಬೆಳೆಯುವ ಜಾತಿ ಇದು,
ಮೇಲೊಂದು ಹಾಯಿ, ಕೆಳಗೊಂದು ಹಾಯಿ.
ಹಾಯಿ ಮಡಿಸದೆ ಹೊರಳಬೇಕಾದರೆ
ಸೊಂಟಮಟ್ಟದ ನೀರು,
ಒಂದು ಮಾರು ಉದ್ದ, ಅರ್ಧ ಮಾರು ಅಗಲ.
ಅಂಗಿ ಕತ್ತರಿಸುವುದು ಇವತ್ತಿನ ಮಗುವಿಗಲ್ಲವಲ್ಲ,
ಬರುವ ವರ್ಷದ ಮಗುವಿಗೆ.

ಲೆಕ್ಕ ಹಾಕಿದೆವು, ಹಳೆಯ ಬಿಲ್ಲಿನ ಹಿಂಬದಿಗೆ.
ನೀರು, ಕಲ್ಲು, ಗಾಜು, ಕಬ್ಬಿಣದ ಕಾಲು:
ಎರಡು ಟನ್.
ನಾನು ಮಲಗುವ ಮಂಚದ ನೆತ್ತಿಗೆ ಸರಿಯಾಗಿ
ನಾಲ್ಕು ಕುದುರೆ.
ದೀಪದ ಬುಡದಿಂದ ಮೂಲೆಯತನಕ ಒಂದು ಬಿರುಕಿದೆ.
ಇಬ್ಬರೂ ಅದನ್ನೇ ನೋಡಿದೆವು.

ಅವಳು ತಂದದ್ದು ಕೊನೆಗೆ
ಬೆರಳುದ್ದದ ಹಳದಿ ಮರಳುಮೀನು.
ಮುದಿಯಾದರೂ ಬೆರಳುದ್ದವೇ.
ಪುಟ್ಟ ತೊಟ್ಟಿ, ಬಕೆಟ್ಟಿನಲ್ಲಿ ಕದಡಿದ ಕಡಲು,
ದಿನವಿಡೀ ಒಂದು ಬಿಲ ತೋಡುವ ಸಂಸಾರ.
ನನ್ನ ಸೂರು ಉಳಿಯಿತು.

ಆದರೂ ಶನಿವಾರ ತಪ್ಪದೆ ಅಂಗಡಿಗೆ ಹೋಗುತ್ತಾಳೆ,
ಗಾಜಿಗೆ ಟೇಪು ಹಿಡಿದು ಬಾವಲಿ ಮೀನಿನ ಅಳತೆ ತೆಗೆದು
ಗಿರಾಕಿಗಳ ಹಳೆಯ ಪುಸ್ತಕದಲ್ಲಿ ಬರೆಯುತ್ತಾಳೆ:
ತಾರೀಖು, ಎತ್ತರ, ಅಗಲ. ಹೆಸರಿನ ಜಾಗ ಖಾಲಿ.
ಕೊಳ್ಳುವವರು ಯಾರೂ ಬಂದಿಲ್ಲ.
ಬಂದರೆ ಮೊದಲು ಇವಳಿಗೆ ಉತ್ತರ ಹೇಳಬೇಕು,
ಮನೆ ಎಷ್ಟನೇ ಮಹಡಿ, ಗೋಡೆ ಎಷ್ಟು ಉದ್ದ.

ಕಳೆದ ಶನಿವಾರ ನಾನೂ ಹೋಗಿದ್ದೆ.
ಕಿತ್ತಳೆ ಅಂಚು ಮಾಸತೊಡಗಿದೆ, ಮೈ ತಟ್ಟೆಯಗಲ.
"ಮಡಿಕೆ ಬಿಚ್ಚುವ ಹೊತ್ತು ಬಂತು," ಅಂದಳು.
ರಾದೊಸ್ವಾಫ್ ನಕ್ಕ.
ಅವಳು ಟೇಪನ್ನು ಗಾಜಿಗೆ ಒತ್ತಿ ಹಿಡಿದೇ ಇದ್ದಳು.
ಆಚೆಯಿಂದ ಮೀನು ಬಂತು, ಹೊರಳಲು ಹೋಯಿತು,
ಅರ್ಧದಲ್ಲೇ ಕೆಳಗಿನ ಹಾಯಿ ಮರಳಿಗೆ ತಾಗಿ
ಮಡಿಚಿಕೊಂಡಿತು.

ಒತಿಲಿಯಾ ಮೆಲ್ಲಗೆ
ಬಲಗಾಲಿನ ಭಾರವನ್ನು
ಎಡಗಾಲಿಗೆ ಬದಲಿಸಿಕೊಂಡಳು.